ಫ್ರೀಯಾಗಿ ಸಿಗೋ ಗೇಮಿಗೆ ದುಡ್ಡು ಯಾಕೆ ಕೊಡ್ತೀಯ?

ಈ ಪ್ರಶ್ನೆ ನನಗೆ ಎರಡು ಕಡೆಯಿಂದ ಬರುತ್ತದೆ. ಅಕ್ಕನ ಮಗ ಕೇಳುವುದು ಹೀಗೆ: "ಮಾಮಾ, ಕಾಪಿ ಮಾಡೋಕೆ ತಡೆಯೇ ಇಲ್ಲದ ಗೇಮ್ ಅಂತೀಯ. ಅಂದ್ಮೇಲೆ ಮೊದಲನೇ ದಿನವೇ ಟೊರೆಂಟಲ್ಲಿ ಬಂದಿರತ್ತೆ. ಮತ್ತೆ ದುಡ್ಡು ಯಾಕೆ ಕೊಡ್ತೀಯ?" ಆಫೀಸಿನ ಗೆಳೆಯರದ್ದು ಇನ್ನೊಂದು ಥರ: "ಅದೇ ಗೇಮ್ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ರೂಪಾಯಿ ರೇಟಲ್ಲಿ ಸಿಗತ್ತೆ, ಯುಪಿಐ ಮಾಡಿದ್ರೆ ಆಯ್ತು. ನೀನು ಯಾಕೆ ಆ ಪೋಲೆಂಡ್ ಅಂಗಡಿಗೇ ಹೋಗ್ತೀಯ?" ಟೀ ಬ್ರೇಕಿನಲ್ಲಿ ಹೇಳಿ ಮುಗಿಸುವ ಉತ್ತರವಲ್ಲ ಇದು. ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ.

ತಡೆ ಅಂದರೆ ಡಿಆರ್‌ಎಂ. ನಾನು ಬೀಗ ಅಂತಲೇ ಕರೆಯುತ್ತೇನೆ. ಗೇಮ್ ಶುರುವಾಗುವ ಮೊದಲು "ಇವನು ದುಡ್ಡು ಕೊಟ್ಟವನೇನಾ?" ಅಂತ ವಿಚಾರಿಸುವ ಸಾಫ್ಟ್‌ವೇರ್ ಅದು. ಹಿಂದೆ ಡ್ರೈವಿನಲ್ಲಿ ಒರಿಜಿನಲ್ ಸಿಡಿ ಇದೆಯಾ ಅಂತ ನೋಡುತ್ತಿತ್ತು, ಆಮೇಲೆ ಸೀರಿಯಲ್ ನಂಬರ್ ಕೇಳಿತು, ಈಗ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರನ್ನೇ ಕೇಳುತ್ತದೆ. ಬೀಗವಿಲ್ಲದ ಗೇಮ್ ಈ ಯಾವುದನ್ನೂ ಮಾಡುವುದಿಲ್ಲ. ಇಂಥವನ್ನು ಮಾರುವ ದೊಡ್ಡ ಅಂಗಡಿ ಗಾಗ್. 2008ರಲ್ಲಿ ಗುಡ್ ಓಲ್ಡ್ ಗೇಮ್ಸ್ ಅನ್ನುವ ಹೆಸರಿನಲ್ಲಿ ಪೋಲೆಂಡಿನಲ್ಲಿ ಶುರುವಾದದ್ದು. ಚಿಕ್ಕ ಚಿಕ್ಕ ಗೇಮ್ ಮಾಡುವವರಿಗೆ ಇಚ್ ಡಾಟ್ ಐಓ ಅನ್ನುವ ಸೈಟ್ ಇದೆ.

ಕೈಗೆ ಏನು ಸಿಗುತ್ತದೆ ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಇದೆ. ಎಸ್‌ಪಿ ರೋಡಿನಲ್ಲಿ ಕೊಂಡ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ನನ್ನ ಹತ್ತಿರ ಇದೆ. ಅದರಲ್ಲಿ ವಿಚರ್ 3 ಅನ್ನುವ ಗೇಮಿನ ಫೋಲ್ಡರ್ ತೆರೆದರೆ ಒಂದು ಚಿಕ್ಕ ಸೆಟಪ್ ಫೈಲ್, ಅದರ ಕೆಳಗೆ ಸಾಲಾಗಿ ಬಿನ್ ಫೈಲ್‌ಗಳು, ಒಂದೊಂದೂ 4 ಜಿಬಿ ಆಸುಪಾಸು. ಸೆಟಪ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಯಾವ ಡ್ರೈವಿಗೆ ಹಾಕಲಿ ಅಂತ ಮಾತ್ರ ಕೇಳುತ್ತದೆ. ಊಟ ಮಾಡಿ ಬರುವಷ್ಟರಲ್ಲಿ ಗೇಮ್ ರೆಡಿ. ಈಮೇಲ್ ಬೇಡ, ಪಾಸ್‌ವರ್ಡ್ ಬೇಡ, ಓಟಿಪಿ ಬೇಡ. ವೈಫೈ ಆಫ್ ಇದೆಯೋ ಆನ್ ಇದೆಯೋ ಅದಕ್ಕೆ ಬೇಕಾಗಿಯೂ ಇಲ್ಲ. ನಾಳೆ ಲ್ಯಾಪ್‌ಟಾಪ್ ಬದಲಾಯಿಸಿದರೆ ಅದೇ ಫೈಲ್‌ಗಳನ್ನು ಅಲ್ಲಿಗೆ ಕಾಪಿ ಮಾಡಿದರೆ ಮುಗಿಯಿತು.

ಇದು ಅಷ್ಟೇನು ದೊಡ್ಡ ವಿಷಯವಲ್ಲ ಅನ್ನಿಸಬಹುದು. ಬೆಂಗಳೂರಿನಲ್ಲಿ ರಸ್ತೆ ಅಗೆಯುವವರು ಫೈಬರ್ ಕೇಬಲ್ ಕತ್ತರಿಸಿದ ದಿನ ದೊಡ್ಡದೇ. ನಮ್ಮ ಬೀದಿಯಲ್ಲಿ ಒಂದು ಶನಿವಾರ ಹಾಗಾಯಿತು. ಪೂರ್ತಿ ರೇಟ್ ಕೊಟ್ಟು ಕೊಂಡ ಒಂದು ಗೇಮ್ ಇತ್ತು. ಒಬ್ಬನೇ ಆಡುವ ಗೇಮ್, ಆನ್‌ಲೈನ್ ಸಮಾಚಾರವೇ ಇಲ್ಲ. ಕಂಪನಿಯ ಹೆಸರು ಬೇಡ ಬಿಡಿ. ಗೇಮ್ ತೆರೆಯಬೇಕಾದರೆ ಮೊದಲು ಲಾಂಚರ್ ಅನ್ನುವ ಅವರ ಆಪ್ ತೆರೆಯಬೇಕು. ಲಾಂಚರ್ ತೆರೆದರೆ ಲಾಗಿನ್ ಮಾಡು ಅಂತು. ಮೊಬೈಲ್ ಹಾಟ್‌ಸ್ಪಾಟ್ ಹಾಕಿದೆ. ಪಾಸ್‌ವರ್ಡ್ ಆದಮೇಲೆ ಈಮೇಲಿಗೆ ಕೋಡ್ ಬಂತು. ಕೋಡ್ ಹೊಡೆದ ಮೇಲೆ ಲಾಂಚರ್ ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಳ್ಳಲು ಕೂತಿತು, ಅದೂ ನನ್ನ ಮೊಬೈಲ್ ಡೇಟಾದಲ್ಲಿ! ಆಮೇಲೆ ಕರೆಂಟೇ ಹೋಯಿತು, ಅದು ಬೇರೆ ಕಥೆ. ಆದರೆ ಆ ಹೊತ್ತಿಗೆ ಅದೇ ಗೇಮಿನ ಬೀಗ ಒಡೆದ ಕಾಪಿ ಹಾಕಿಕೊಂಡವನು ಆರಾಮಾಗಿ ಎರಡು ಲೆವೆಲ್ ದಾಟಿರುತ್ತಾನೆ, ಅಲ್ವಾ? ಬೀಗವನ್ನು ಅವನು ಮೊದಲೇ ಕಿತ್ತು ಹಾಕಿದ್ದಾನೆ. ಅದು ಕಾಯುತ್ತಿರುವುದು ದುಡ್ಡು ಕೊಟ್ಟ ನನ್ನನ್ನು.

ಈ ತಮಾಷೆ ಇವತ್ತಿನದಲ್ಲ. 2000ರ ಆಸುಪಾಸಿನಲ್ಲಿ ಎಷ್ಟೋ ಗೇಮ್ ಸಿಡಿಗಳಲ್ಲಿ ಸೇಫ್‌ಡಿಸ್ಕ್ ಅನ್ನುವ ಬೀಗ ಇರುತ್ತಿತ್ತು. ಅದು ವಿಂಡೋಸ್ ಒಳಗೆ ಡ್ರೈವರ್ ಅನ್ನುವ ಒಂದು ಸಣ್ಣ ಪ್ರೋಗ್ರಾಮ್ ಮೂಲಕ ಕೆಲಸ ಮಾಡುತ್ತಿತ್ತು. ಆ ಡ್ರೈವರಿನಲ್ಲಿ ಸುರಕ್ಷತೆಯ ತೊಂದರೆ ಇತ್ತು. 2015ರಲ್ಲಿ ವಿಂಡೋಸ್ 10 ಬಂದಾಗ ಮೈಕ್ರೋಸಾಫ್ಟ್ ಅದಕ್ಕೆ ಜಾಗ ಕೊಡಲಿಲ್ಲ. ಅದೇ ವರ್ಷ ಹಳೇ ವಿಂಡೋಸ್‌ಗಳಲ್ಲೂ ಒಂದು ಅಪ್‌ಡೇಟ್ ಕಳಿಸಿ ಅದನ್ನು ಆಫ್ ಮಾಡಿತು. ಮೈಕ್ರೋಸಾಫ್ಟ್ ಮಾಡಿದ್ದು ಸರಿಯೇ. ಆದರೆ ಪರಿಣಾಮ ನೋಡಿ. ಬಾಕ್ಸ್, ಬಿಲ್ಲು, ಸೀರಿಯಲ್ ನಂಬರ್ ಸಮೇತ ಜೋಪಾನವಾಗಿಟ್ಟ ಒರಿಜಿನಲ್ ಡಿಸ್ಕ್ ಇವತ್ತಿನ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಡುತ್ತಿದ್ದ ಕಾಪಿಯಲ್ಲಿ ಬೀಗ ಮೊದಲೇ ತೆಗೆದಿತ್ತಲ್ಲ, ಅದಕ್ಕೆ ಈ ಕಾಟವೇ ಇಲ್ಲ.

2013ರಲ್ಲಿ ಸಿಮ್‌ಸಿಟಿ ಅನ್ನುವ ಊರು ಕಟ್ಟುವ ಗೇಮ್ ಹೊಸದಾಗಿ ಬಂದಾಗ ಒಬ್ಬರೇ ಊರು ಕಟ್ಟುತ್ತಾ ಕೂರಬೇಕೆಂದರೂ ಸರ್ವರ್ ಬೇಕಿತ್ತು. ಬಿಡುಗಡೆಯ ವಾರ ಸರ್ವರ್‌ಗಳು ತತ್ತರಿಸಿದವು, ಜನ ಕ್ಯೂನಲ್ಲಿ ಕಾದರು. ಆಫ್‌ಲೈನ್ ಮಾಡುವುದು ಸುಲಭವಲ್ಲ ಅಂತ ಹೇಳುತ್ತಿದ್ದ ಕಂಪನಿಯವರೇ 2014ರಲ್ಲಿ ಆಫ್‌ಲೈನ್ ಮೋಡ್ ಕೊಟ್ಟರು.

ದಿ ಕ್ರ್ಯೂ ಆಡಿದವರಿಗೆ ಆ ಅದೃಷ್ಟವೂ ಇರಲಿಲ್ಲ. ಯೂಬಿಸಾಫ್ಟ್‌ನ ಕಾರ್ ರೇಸಿಂಗ್ ಗೇಮ್, 2014ರದ್ದು. ಒಬ್ಬರೇ ಆಡುವ ಕಥೆಯೂ ಅದರಲ್ಲಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಅಷ್ಟೇ, ಗೇಮ್ ಸತ್ತಿತು. ಡಿಸ್ಕ್ ಇಟ್ಟುಕೊಂಡವರದ್ದೂ ಸತ್ತಿತು. ಇದರಿಂದಲೇ ರಾಸ್ ಸ್ಕಾಟ್ ಅನ್ನುವವರು ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅನ್ನುವ ಚಳವಳಿ ಶುರು ಮಾಡಿದರು. ಯುರೋಪಿನಲ್ಲಿ ಅವರ ಮನವಿಗೆ 2025ರಲ್ಲಿ 10 ಲಕ್ಷ ದಾಟಿ ಸಹಿ ಬಿತ್ತು. ಅವರು ಕೇಳುತ್ತಿರುವುದು ಸರ್ವರ್ ಶಾಶ್ವತವಾಗಿ ನಡೆಸಿ ಅಂತಲ್ಲ. ಬಾಗಿಲು ಹಾಕುವಾಗ ಗೇಮನ್ನು ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ, ಅಷ್ಟೇ.

ಈಗ ಅಕ್ಕನ ಮಗನ ಪ್ರಶ್ನೆ. ಬೀಗ ಇಲ್ಲದಿದ್ದರೆ ಎಲ್ಲರೂ ಕದಿಯುವುದಿಲ್ಲವೇ? ಕದಿಯುವವರು ಕದಿಯುತ್ತಾರೆ. 2008ರಲ್ಲಿ ವರ್ಲ್ಡ್ ಆಫ್ ಗೂ ಮಾಡಿದ ಚಿಕ್ಕ ತಂಡ ಅದನ್ನು ಬೀಗವಿಲ್ಲದೆ ಮಾರಿತು. ಆಮೇಲೆ ಲೆಕ್ಕ ಹಾಕಿದಾಗ ಆಡುತ್ತಿರುವ ಕಾಪಿಗಳಲ್ಲಿ ಶೇ. 80ರಿಂದ 90ರಷ್ಟು ಕದ್ದದ್ದು ಅಂತ ಕಂಡಿತು. ಎದೆ ಒಡೆಯುವ ಲೆಕ್ಕವೇ. ಆದರೆ ಬೀಗ ಹಾಕಿದ್ದ ಇನ್ನೊಂದು ಗೇಮಿನವರ ಲೆಕ್ಕ ನೋಡಿದರೆ ಅದೂ ಹತ್ತಿರ ಹತ್ತಿರ ಅಷ್ಟೇ ಇತ್ತು. ಬೀಗಕ್ಕೆ ಖರ್ಚು ಮಾಡಿ ಏನೂ ಪ್ರಯೋಜನವಿಲ್ಲ ಅಂತ ತಂಡದವರು ಅಲ್ಲಿಗೇ ಬಿಟ್ಟರು.

ಗಾಗ್ ಹುಟ್ಟಿದ ಮನೆಯ ಕಥೆ ನಮಗೆ ಇನ್ನೂ ಹತ್ತಿರದ್ದು. ಅದನ್ನು ಶುರು ಮಾಡಿದ ಸಿಡಿ ಪ್ರೊಜೆಕ್ಟ್ ಕಂಪನಿ 1994ರಲ್ಲಿ ಹುಟ್ಟಿದ್ದು. ಆಗಿನ ಪೋಲೆಂಡಿನಲ್ಲಿ ಗೇಮ್ ಅಂದರೆ ಸಂತೆಯಲ್ಲಿ ಸಿಗುವ ಕಳ್ಳ ಕಾಪಿ. ನಮ್ಮ ಮೆಜೆಸ್ಟಿಕ್ ಥರವೇ. ಇವರು 1999ರಲ್ಲಿ ಬಾಲ್ಡರ್ಸ್ ಗೇಟ್ ಅನ್ನುವ ಗೇಮ್ ಮಾರುವಾಗ ಪೋಲಿಷ್ ನಟರಿಂದ ಡಬ್ಬಿಂಗ್ ಮಾಡಿಸಿದರು. ಬಾಕ್ಸಿನಲ್ಲಿ ಮ್ಯಾಪು, ನಿಯಮಗಳ ಪುಸ್ತಕ, ಹಾಡಿನ ಸಿಡಿ ಇಟ್ಟರು. ಸಂತೆಯ ಕಾಪಿಯಲ್ಲಿ ಇದ್ಯಾವುದೂ ಇರಲಿಲ್ಲ. ಜನ ದುಡ್ಡು ಕೊಟ್ಟು ಕೊಂಡರು. ಕಳ್ಳನಿಗಿಂತ ಒಳ್ಳೆಯ ಸಾಮಾನು ಕೊಡು ಅನ್ನುವ ಆ ಲೆಕ್ಕಾಚಾರವೇ ಮುಂದೆ ಗಾಗ್ ಆಯಿತು. ಇವರೇ ಮಾಡಿದ ವಿಚರ್ 3, ಸೈಬರ್‌ಪಂಕ್ 2077 ಎರಡೂ ಮೊದಲ ದಿನದಿಂದ ಬೀಗವಿಲ್ಲದೆ ಸಿಕ್ಕಿದವು. ಬೇರೆ ಕಂಪನಿಯ ಬಾಲ್ಡರ್ಸ್ ಗೇಟ್ 3 ಕೂಡ 2023ರಲ್ಲಿ ಹಾಗೇ ಬಂತು. ಕೋಟಿಗಟ್ಟಲೆ ಮಾರಾಟವಾದ ಗೇಮ್‌ಗಳು ಇವು.

ನಾನು ಕೊಡುವ ದುಡ್ಡಿಗೆ ಸಿಗುವುದು ಏನು ಅಂದರೆ, ವೈರಸ್ ಭಯವಿಲ್ಲದ ಫೈಲು, ಮುಂದಿನ ಅಪ್‌ಡೇಟು, ಮತ್ತು ಮಾಡಿದವರಿಗೆ ಕೂಲಿ ಸೇರಿತು ಅನ್ನುವ ನೆಮ್ಮದಿ. ಇದು ಸಾಕಾಗದವನಿಗೆ ಯಾವ ಬೀಗವೂ ಬುದ್ಧಿ ಕಲಿಸುವುದಿಲ್ಲ. ಹಾಗಂತ ಬೀಗವಿಲ್ಲದ್ದನ್ನು ಊರಿಗೆಲ್ಲ ಹಂಚಬಹುದು ಅಂತಲ್ಲ. ನಮ್ಮ ಕಾಪಿರೈಟ್ ಕಾಯ್ದೆ ಸರಿಯಾಗಿ ಪಡೆದ ಪ್ರೋಗ್ರಾಮ್ ಕಳೆದುಹೋದರೆ ಇರಲಿ ಅಂತ ಬ್ಯಾಕಪ್ ಇಟ್ಟುಕೊಳ್ಳಲು ಬಿಡುತ್ತದೆ. ಅದೇ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು. ಇದಕ್ಕೇ ನನಗೆ ಇಲ್ಲಿ ಬೀಗವಿಲ್ಲದ ಅಂಗಡಿ ಇಷ್ಟ. ಬ್ಯಾಕಪ್ ಇಟ್ಟುಕೊಳ್ಳಲು ಏನನ್ನೂ ಒಡೆಯಬೇಕಾಗಿಲ್ಲ.

ಗಾಗ್ ಏನು ದೇವರ ಅಂಗಡಿ ಅಲ್ಲ. ಅಲ್ಲಿಯೂ ಕಾಗದದ ಮೇಲೆ ನಮಗೆ ಸಿಗುವುದು ಬಳಸುವ ಪರವಾನಗಿ ಮಾತ್ರ. ಅವೆನ್ಯೂ ರೋಡಿನಲ್ಲಿ ಹಳೇ ಪುಸ್ತಕ ಮಾರಿದ ಹಾಗೆ ಆಡಿ ಮುಗಿಸಿದ ಗೇಮನ್ನು ಮಾರಲು ಆಗುವುದಿಲ್ಲ. ಕಾರ್ಡಿನಲ್ಲಿ ವಿದೇಶಿ ವಹಿವಾಟು ಆನ್ ಮಾಡಿಕೊಳ್ಳಬೇಕು, ಬ್ಯಾಂಕ್ ಅದರ ಮೇಲೆ ಒಂದಿಷ್ಟು ಕೀಳುತ್ತದೆ. ಕೆಲವು ಗೇಮ್‌ಗಳಿಗೆ ಅಪ್‌ಡೇಟ್ ಸ್ಟೀಮ್‌ಗಿಂತ ತಡವಾಗಿ ಬರುತ್ತದೆ. 2021ರಲ್ಲಿ ಹಿಟ್‌ಮ್ಯಾನ್ ಗೇಮನ್ನು ಅಲ್ಲಿ ತಂದರು. ಅದರ ಎಷ್ಟೋ ಭಾಗ ಆನ್‌ಲೈನ್ ಇಲ್ಲದೆ ತೆರೆಯುತ್ತಲೇ ಇರಲಿಲ್ಲ. ಗಿರಾಕಿಗಳು ಗಲಾಟೆ ಮಾಡಿದ ಮೇಲೆ ಅಂಗಡಿಯಿಂದ ತೆಗೆದರು.

ಇನ್ನು ಪರವಾನಗಿ ವಿಷಯ. 2025ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನು ಜಾರಿಯಲ್ಲಿದೆ. ಕೊಡುತ್ತಿರುವುದು ಬರೀ ಪರವಾನಗಿ ಆಗಿದ್ದರೆ ಅಂಗಡಿ ಅದನ್ನು ಸ್ಪಷ್ಟವಾಗಿ ಹೇಳಬೇಕು. ಸ್ಟೀಮ್‌ನ ಕಾರ್ಟಿನಲ್ಲಿ ಆ ಸಾಲು ಈಗ ಕಾಣುತ್ತದೆ. ಎರಡೂ ಕಡೆ ಪರವಾನಗಿಯೇ ಆದರೆ ವ್ಯತ್ಯಾಸ ಏನು? 2024ರ ಡಿಸೆಂಬರಿನಲ್ಲಿ ಹಳೇ ವಾರ್‌ಕ್ರಾಫ್ಟ್ ಗೇಮ್‌ಗಳನ್ನು ಗಾಗ್‌ನಲ್ಲಿ ಮಾರುವುದನ್ನು ನಿಲ್ಲಿಸಲಾಯಿತು. ಮೊದಲೇ ಕೊಂಡವರ ಇನ್‌ಸ್ಟಾಲರ್, ಅಂದರೆ ಆ ಸೆಟಪ್ ಫೈಲ್‌ಗಳು, ಹಾಗೇ ಉಳಿಯಿತು. ಕಾಗದ ಏನೇ ಹೇಳಲಿ, ನನ್ನ ಹಾರ್ಡ್ ಡಿಸ್ಕಿನಲ್ಲಿರುವ ಫೈಲಿಗೆ ಯಾರೂ ಕೈ ಹಾಕಲು ಆಗುವುದಿಲ್ಲ.

ಮುಂದೇನು ಅಂತಲೂ ಕೇಳುತ್ತಾರೆ. ಎಲ್ಲ ಗೇಮ್ ಹೀಗಾಗುತ್ತದೆ ಅಂತ ನಾನಂತೂ ನಂಬಿಲ್ಲ. ಗೇಮ್ ಇಂಡಸ್ಟ್ರಿಯಲ್ಲಿ ಕೆಲಸ ಮಾಡುವವರು ಈ ಊರಿನಲ್ಲಿ ಕಡಿಮೆ ಇಲ್ಲ. 1997ರಲ್ಲೇ ಇಲ್ಲಿ ಧ್ರುವ ಇಂಟರ್ಯಾಕ್ಟಿವ್ ಅನ್ನುವ ಗೇಮ್ ಕಂಪನಿ ಶುರುವಾಗಿತ್ತು, 2019ರಲ್ಲಿ ಅದನ್ನು ಅಮೆರಿಕದ ಗೇಮ್ ಕಂಪನಿ ರಾಕ್‌ಸ್ಟಾರ್ ಕೊಂಡಿತು. ಆ ಲೈನಿನಲ್ಲಿರುವ ಒಬ್ಬ ಗೆಳೆಯನ ಮಾತು ಇದು: "ನಿಂಗೆ ಬೀಗ ಅಂದ್ರೆ ಕಿರಿಕಿರಿ. ನಮಗೆ ಮೊದಲ ತಿಂಗಳ ಸೇಲ್ ಮೇಲೆ ಮುಂದಿನ ಪ್ರಾಜೆಕ್ಟ್ ನಿಂತಿರತ್ತೆ ಕಣೋ." ಅವನ ಮಾತಿನಲ್ಲಿ ಹುರುಳಿದೆ. ಡೆನುವೋ ಅನ್ನುವುದು 2014ರಿಂದ ಇರುವ ಗಟ್ಟಿ ಬೀಗ. ಅದು ಇದ್ದ ಗೇಮ್‌ಗಳ ಮೇಲೆ 2024ರಲ್ಲಿ ಒಂದು ಅಧ್ಯಯನ ಬಂತು. ಬಿಡುಗಡೆಯಾದ ಮೊದಲ ವಾರವೇ ಬೀಗ ಒಡೆದರೆ ಆದಾಯ ಸರಾಸರಿ ಶೇ. 20ರಷ್ಟು ಕಡಿಮೆಯಾಗುತ್ತದೆ ಅಂತ ಅದು ಹೇಳಿತು. ಸಣ್ಣ ಮೊತ್ತವಲ್ಲ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. 12 ವಾರ ಕಳೆದ ಮೇಲೆ ಒಡೆದರೆ ನಷ್ಟ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಹಾಗಾದರೆ ಮೂರು ತಿಂಗಳಾದ ಮೇಲೆ ಆ ಬೀಗ ಯಾರಿಗಾಗಿ? ನನ್ನ ತಕರಾರು ಇಷ್ಟೇ. ಹೊಸ ಗೇಮಿಗೆ ಬೇಕಾದರೆ ಬೀಗ ಹಾಕಿ, ತೆಗೆಯುವ ತಾರೀಕನ್ನೂ ಅಲ್ಲೇ ಬರೆಯಿರಿ. ಮಾಡಲಾಗದ ಕೆಲಸವೇನಲ್ಲ. 2016ರ ಮೇ ತಿಂಗಳಿನಲ್ಲಿ ಬಂದ ಡೂಮ್ ಗೇಮಿನಿಂದ ಡಿಸೆಂಬರಿನಲ್ಲಿ ಡೆನುವೋ ತೆಗೆದರು. ಆಮೇಲೆ ಎಷ್ಟೋ ಕಂಪನಿಗಳು ಸದ್ದಿಲ್ಲದೆ ಹೀಗೇ ಮಾಡಿವೆ. ಸದ್ದು ಮಾಡಿಯೇ ಮಾಡಿದರೆ ನಾನು ಅಂಥ ಗೇಮನ್ನು ಬಿಡುಗಡೆಯ ದಿನವೇ ಕೊಳ್ಳುತ್ತೇನೆ.

ಗುಂಪು ಕಟ್ಟಿಕೊಂಡು ಆಡುವ ಆನ್‌ಲೈನ್ ಗೇಮ್‌ಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಸರ್ವರೇ ಗೇಮು. ಹಳೆಯ ಗೇಮ್‌ಗಳ ವಿಷಯ ಮಾತ್ರ ಅವಸರದ್ದು. ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಂದ ಗೇಮ್‌ಗಳಲ್ಲಿ ಶೇ. 87ರಷ್ಟು ಇವತ್ತು ಅಂಗಡಿಯಲ್ಲಿ ಸಿಗುವುದೇ ಇಲ್ಲ ಅಂತ ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು. ಬೀಗ ತೆಗೆದರಷ್ಟೇ ಸಾಲದು, ಹೊಸ ವಿಂಡೋಸ್ ಬಂದಾಗಲೆಲ್ಲ ಯಾರಾದರೂ ಕೂತು ರಿಪೇರಿ ಮಾಡುತ್ತಿರಬೇಕು. ಗಾಗ್ 2024ರ ನವೆಂಬರಿನಲ್ಲಿ ಇದಕ್ಕೆಂದೇ ಒಂದು ಯೋಜನೆ ಶುರು ಮಾಡಿತು. 2025ರ ಕೊನೆಗೆ ಗಾಗ್ ಸಿಡಿ ಪ್ರೊಜೆಕ್ಟ್‌ನಿಂದ ಬೇರೆಯಾಗಿ ಸ್ಥಾಪಕರಲ್ಲಿ ಒಬ್ಬರ ಕೈಗೆ ಹೋಯಿತು. ಒಳ್ಳೆಯದೋ ಕೆಟ್ಟದ್ದೋ ಕಾದು ನೋಡಬೇಕು. ದೊಡ್ಡ ಕಂಪನಿಯ ಮೂಲೆಯಲ್ಲಿ ಸಣ್ಣ ಲಾಭದ ಅಂಗಡಿಯಾಗಿ ಇರುವುದಕ್ಕಿಂತ ಇದೇ ವಾಸಿ ಅಂತ ನನಗನ್ನಿಸುತ್ತದೆ.

ಸ್ಟೀಮ್ ಬಿಡಿ ಅಂತ ಯಾರಿಗೂ ಹೇಳುತ್ತಿಲ್ಲ. ನಾನೂ ಅಲ್ಲಿ ಕೊಳ್ಳುತ್ತೇನೆ. ಸ್ಟೀಮ್‌ನ ಸ್ವಂತ ಬೀಗ ಕಡ್ಡಾಯವಲ್ಲ, ಹಾಕುವುದು ಬಿಡುವುದು ಗೇಮ್ ಮಾಡಿದವರಿಗೆ ಬಿಟ್ಟದ್ದು. ಹಾಗಾಗಿ ಒಮ್ಮೆ ಡೌನ್‌ಲೋಡ್ ಆದಮೇಲೆ ಸ್ಟೀಮ್ ತೆರೆಯದೆಯೂ ಓಡುವ ಗೇಮ್‌ಗಳು ಅಲ್ಲಿ ಎಷ್ಟೋ ಇವೆ. ಪಿಸಿಗೇಮಿಂಗ್‌ವಿಕಿ ಅನ್ನುವ ಸೈಟಿನಲ್ಲಿ ಗೇಮಿನ ಹೆಸರು ಹೊಡೆದರೆ ಯಾವುದಕ್ಕೆ ಯಾವ ಬೀಗ ಅಂತ ಬರೆದಿರುತ್ತದೆ. ಕೊಳ್ಳುವ ಮುಂಚೆ ಒಂದು ನಿಮಿಷ ನೋಡಿ. ಗಾಗ್‌ನಲ್ಲಿ ಕೊಂಡರೆ ಅವರ ಗ್ಯಾಲಕ್ಸಿ ಆಪಿನಲ್ಲಿ ಇನ್‌ಸ್ಟಾಲ್ ಮಾಡಿ ಸುಮ್ನೆ ಬಿಡಬೇಡಿ. ಆಫ್‌ಲೈನ್ ಇನ್‌ಸ್ಟಾಲರ್ ಅಂತ ಬೇರೆ ಲಿಂಕ್ ಇರುತ್ತದೆ, ಅದನ್ನು ಕೊಂಡ ವಾರವೇ ಇಳಿಸಿಕೊಳ್ಳಿ. ಬಿನ್ ಫೈಲ್ ಒಂದು ಕಡಿಮೆಯಾದರೂ ಸೆಟಪ್ ಅರ್ಧಕ್ಕೆ ನಿಲ್ಲುತ್ತದೆ, ಎಲ್ಲ ಬಂದಿದೆಯಾ ಅಂತ ಒಮ್ಮೆ ಇನ್‌ಸ್ಟಾಲ್ ಮಾಡಿ ನೋಡಿ. ಆಮೇಲೆ ಎರಡು ಡಿಸ್ಕಿನಲ್ಲಿ ಇಡಿ. ಹಾರ್ಡ್ ಡಿಸ್ಕ್ ಕೂಡ ಹೇಳದೆ ಕೇಳದೆ ಕೈಕೊಡುತ್ತದೆ.