ಎಡದಿಂದ ಬಲಕ್ಕೆ

ನಮ್ಮ ಕಾಲೇಜಿನ 1988–89ರ ವಾರ್ಷಿಕ ಸಂಚಿಕೆಗೆ ನಾನು ವಿದ್ಯಾರ್ಥಿ ಸಂಪಾದಕ. ಮೊದಲ ಪುಟದಲ್ಲಿ ಹಾಗೆಂದು ಅಚ್ಚಾಗಿದೆ. ಅದೇ ಸಂಚಿಕೆಯ ಫೋಟೋ ಪುಟವನ್ನು ನಂಬುವುದಾದರೆ ಮಾತ್ರ ನಾನು ಅರ್ಥಶಾಸ್ತ್ರದ ಮೇಷ್ಟ್ರು.

ಜುಲೈನಲ್ಲಿ ಸೂಚನಾ ಫಲಕಕ್ಕೆ ಚೀಟಿ ಅಂಟಿಸಿದೆವು. ಲೇಖನ ಬರಲಿಲ್ಲ, ಕವನಗಳು ಬಂದವು. ಒಂದು ರಟ್ಟಿನ ಪೆಟ್ಟಿಗೆ ತುಂಬ ಕವನ. ಅರ್ಧಕ್ಕರ್ಧ ಹೆಸರಿಲ್ಲದ ಯಾವಳೋ ‘ನೀನು’ವಿಗೆ ಬರೆದವು. ಜಾಹೀರಾತಿಗಾಗಿ ಪೇಟೆಬೀದಿಯ ಅಂಗಡಿಗಳನ್ನು ಹತ್ತಿಳಿದೆವು. ಕಾಲು ಪುಟ ಕೊಟ್ಟ ಬಟ್ಟೆ ಅಂಗಡಿಯವರು ಹಣ ಕೊಟ್ಟದ್ದು ಮಾರ್ಚಿನಲ್ಲಿ, ಅದೂ ಎರಡು ಕಂತಿನಲ್ಲಿ.

ನನಗೆ ನಿಜವಾಗಿ ಇಷ್ಟವಾಗಿದ್ದು ಅಚ್ಚುಕೂಟ. ಆಗಿನ್ನೂ ಮೊಳೆ, ಎಂದರೆ ಒಂದೊಂದು ಅಕ್ಷರದ ಲೋಹದ ಅಚ್ಚು, ಜೋಡಿಸುವ ಕಾಲ. ಅದನ್ನು ಜೋಡಿಸುವ ಕಂಪೋಸಿಟರ್, ಅಕ್ಷರಕ್ಕೊಂದು ಮನೆಯಿದ್ದ ಕೇಸಿನ ಮುಂದೆ ನಿಂತು, ನೋಡದೆಯೇ ಒಂದೊಂದು ಮನೆಗೆ ಕೈಹಾಕಿ ಅಕ್ಷರ ತೆಗೆಯುತ್ತಿದ್ದರು. ಒತ್ತಕ್ಷರಗಳಿಗೆ ಬೇರೆಯೇ ಮನೆಗಳು. ಹದಿನಾರು ಪುಟಕ್ಕೆ ಒಂದು ಫಾರಂ. ನಮ್ಮದು ಆರು ಫಾರಂ. ಅಂತಿಮ ವರ್ಷದವರ ಪಟ್ಟಿ ಕೊಟ್ಟ ದಿನ ಅವರು ಕೈಚೆಲ್ಲಿದರು. ಮಂಜುನಾಥ, ವಿಶ್ವನಾಥ, ರಂಗನಾಥ, ಮತ್ತೆ ಮಂಜುನಾಥ! “ಇಷ್ಟೊಂದು ಥ ಎಲ್ಲಿಂದ ತರಲಿ? ಈ ಪುಟ ಅಚ್ಚಾಗಲಿ, ಮೊಳೆ ಬಿಚ್ಚಿದ ಮೇಲೆ ಉಳಿದ ನಾಥರನ್ನು ನೋಡೋಣ” ಎಂದರು. ಹೀಗಾಗಿ ಆ ಪಟ್ಟಿ ಎರಡು ಪುಟಗಳಿಗೆ ಹರಿದುಹೋಗಿದೆ. ಅದು ಪುಟವಿನ್ಯಾಸವೆಂದು ಇಂದಿಗೂ ಕೆಲವರು ತಿಳಿದಿದ್ದಾರೆ.

ಮೊಳೆಯಲ್ಲಿ ಅಕ್ಷರ ತಿರುಗುಮುರುಗಾಗಿರುತ್ತದೆ. ಕಾಗದದ ಮೇಲೆ ಬಿದ್ದಾಗಲೇ ನೆಟ್ಟಗಾಗುವುದು. ಆರು ತಿಂಗಳು ಅಲ್ಲಿ ಓಡಾಡಿ ನಾನು ಅದನ್ನು ಓದುವುದಕ್ಕೂ ಕಲಿತಿದ್ದೆ, ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಸಂಪಾದಕ ಮಂಡಳಿಯ ಫೋಟೋ ಅಚ್ಚು ಹಾಕಲು ಬೇಕಾದ ಬ್ಲಾಕನ್ನು ಬೆಂಗಳೂರಿನಲ್ಲಿ ಮಾಡಿಸಿದ್ದೆವು. ಮರದ ತುಂಡಿಗೆ ಹೊಡೆದು ಕೂರಿಸಿದ ಸತುವಿನ ತಗಡು ಬಂದಾಗ ಫೋಟೋ ಪಕ್ಕಕ್ಕಿಟ್ಟು ಹೋಲಿಸಿದೆ. ಎಡತುದಿಯ ಕುರ್ಚಿಯಲ್ಲಿ ನಾನು, ನಡುವೆ ಪ್ರಿನ್ಸಿಪಾಲರು, ಬಲತುದಿಯಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಎಲ್ಲರೂ ಅವರವರ ಜಾಗದಲ್ಲೇ ಇದ್ದಾರೆ. “ಸರಿಯಾಗಿದೆ, ಹಾಕಿ” ಎಂದೆ.

ತಗಡಿನ ಮೇಲೆ ಸರಿಯಾಗಿ ಕಂಡದ್ದೇ ತಪ್ಪು ಎಂಬುದು ಹೊಳೆಯಲೇ ಇಲ್ಲ. ಆರ್ಟ್ ಪೇಪರಿನ ಮೇಲೆ ಎಲ್ಲರೂ ಅದಲುಬದಲಾದರು, ಕೆಳಗೆ ‘ಎಡದಿಂದ ಬಲಕ್ಕೆ’ ಎಂದು ಕೊಟ್ಟ ಹೆಸರುಗಳು ಮಾತ್ರ ಇದ್ದಲ್ಲೇ ಇದ್ದವು. ಪ್ರಿನ್ಸಿಪಾಲರು ನೋಡಿ ಒಪ್ಪಿದರು. ನಡುವೆ ಕುಳಿತವರ ಹೆಸರೊಂದೇ ತಪ್ಪುವಂತಿರಲಿಲ್ಲವಲ್ಲ! ಪ್ರತಿಗಳು ಹೊಲಿಗೆಯಾಗಿ ಬಂದ ಮೇಲೆ ಕಂಡುಹಿಡಿದದ್ದು ಮಂಡಳಿಯಲ್ಲಿದ್ದ ಸಹಪಾಠಿ. “ನಮ್ಮ ಸೆರಗೆಲ್ಲ ಬಲ ಹೆಗಲಿಗೆ ಯಾವಾಗ ಹೋಯಿತು?” ಎಂದಳು. ಆಮೇಲೆ ನೋಡುತ್ತೇವೆ, ಗಂಡಸರ ಅಂಗಿಯ ಜೇಬುಗಳೂ ಬಲಕ್ಕೇ ಇವೆ.

ಮತ್ತೆ ಅಚ್ಚು ಹಾಕಿಸಲು ಹಣವಿರಲಿಲ್ಲ. ಕಂಪೋಸಿಟರೇ ದಾರಿ ತೋರಿಸಿದರು. ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರದ ಮೇಲೆ ಆರುನೂರು ಚೀಟಿ ಹೊಡೆದುಕೊಟ್ಟರು: “ಎಡದಿಂದ ಬಲಕ್ಕೆ ಎಂಬುದನ್ನು ಬಲದಿಂದ ಎಡಕ್ಕೆ ಎಂದು ಓದಿಕೊಳ್ಳಬೇಕಾಗಿ ವಿನಂತಿ.” ಗ್ರಂಥಾಲಯದ ಉದ್ದನೆಯ ಮೇಜಿನ ಸುತ್ತ ಕುಳಿತು, ಹಾಸ್ಟೆಲಿನಿಂದ ಮೈದಾ ತಂದು ಅಂಟು ಕಾಯಿಸಿ, ಕತ್ತಲಾಗುವವರೆಗೂ ಅಂಟಿಸಿದೆವು. ಅರ್ಥಶಾಸ್ತ್ರದ ಮೇಷ್ಟ್ರು ಬಾಗಿಲಲ್ಲಿ ನಿಂತು, “ತಿಂಗಳ ಕೊನೆಗೆ ನನ್ನ ಸಂಬಳವೂ ನಿನ್ನ ಕೈಗೇ ಬಂದರೆ ತಿಳಿಸಪ್ಪ” ಎಂದು ಹೇಳಿ ಹೋದರು.

ನನ್ನ ಪ್ರತಿಯಲ್ಲಿ ಆ ಚೀಟಿ ಈಗಿಲ್ಲ. ಮೈದಾ ಅಂಟಿನ ಆಸೆಗೆ ಜಿರಲೆಗಳು ಅದನ್ನು ತಿಂದು ಮುಗಿಸಿವೆ. ಮೊನ್ನೆ ಅಟ್ಟ ಗುಡಿಸುವಾಗ ಸಂಚಿಕೆ ಮಗಳ ಕೈಗೆ ಸಿಕ್ಕಿತು. ಫೋಟೋವನ್ನೂ ಕೆಳಗಿನ ಹೆಸರುಗಳನ್ನೂ ಬೆರಳಿಟ್ಟು ಎರಡು ಸಲ ಓದಿ, “ಅಪ್ಪಾ, ಹೆಸರು ಬದಲಾಯಿಸಿಕೊಂಡು ಎಂ.ಎ. ಮಾಡಿದ್ದು ಯಾವಾಗ?” ಎಂದು ಕೇಳಿದಳು.