ಪಕ್ಷದ ಭಾನುವಾರ, ಅಪ್ಪನ ಕಡತ

14 ಸೆಪ್ಟೆಂಬರ್ 2025, ಭಾನುವಾರ
ಸಕಲೇಶಪುರ

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಇವತ್ತು ಮನೆಯಲ್ಲಿ ಪಕ್ಷ. ಅಪ್ಪನ ಎಡೆಗೆ ಅಕ್ಕಿ ಕಡುಬು, ನಾಟಿಕೋಳಿ ಸಾರು, ಪಕ್ಕದಲ್ಲಿ ಹೊಸ ಪಂಚೆ. ತಮ್ಮನ ಮಗ ಬೆಂಗಳೂರಿನಿಂದ ರಾತ್ರಿಯೇ ಬಂದಿದ್ದ. ಆದರೆ ಯಾರ ಮುಖದಲ್ಲೂ ಗೆಲುವಿರಲಿಲ್ಲ. ಶುಕ್ರವಾರ ರಾತ್ರಿ ನಮ್ಮ ಜಿಲ್ಲೆಯ ಮೊಸಳೆ ಹೊಸಹಳ್ಳಿಯಲ್ಲಿ ಗಣಪತಿ ಬಿಡಲು ಹೊರಟವರ ಮೇಲೆ ಲಾರಿ ನುಗ್ಗಿತು. ಓದುವ ವಯಸ್ಸಿನ ಹುಡುಗರು ಹೋದರು. ಆ ತಾಯಂದಿರನ್ನು ನೆನೆದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಎಡೆಯ ಮುಂದೆ ಆ ಮಕ್ಕಳಿಗೂ ಒಂದು ದೀಪ ಹಚ್ಚಿದೆವು.

ಊಟವಾದ ಮೇಲೆ ಜಗಲಿಯಲ್ಲಿ, ನೇಪಾಳದಲ್ಲಿ ಹುಡುಗರು ಸರ್ಕಾರದ ವಿರುದ್ಧ ಬೀದಿಗಿಳಿದ ಮಾತು ಬಂತು. ಹುಡುಗ ಮೊಬೈಲ್ ಮುಂದೆ ಹಿಡಿದ. "ನೋಡಿ ದೊಡ್ಡಪ್ಪ, ಎರಡೇ ದಿನಕ್ಕೆ ಸರ್ಕಾರ ಇಳಿಸಿದ್ರು. ನಮ್ಮಲ್ಲೂ ಒಂದ್ಸಲ ಹೀಗಾದ್ರೇನೇ ಇವರಿಗೆ ಬುದ್ಧಿ ಬರೋದು."

ಆ ಹುಡುಗರ ಸಿಟ್ಟು ಸುಳ್ಳು ಎಂದು ನಾನು ಹೇಳಲಾರೆ. ಅಲ್ಲಿನ ಸರ್ಕಾರ 26 ಸಾಮಾಜಿಕ ಜಾಲತಾಣಗಳನ್ನು ಒಂದೇ ಏಟಿಗೆ ಮುಚ್ಚಿದ್ದು ದರ್ಪ. ಸೋಮವಾರ ಗುಂಡು ಹಾರಿ 19 ಜನ ಸತ್ತದ್ದು ಘೋರ. ಪ್ರಧಾನಿ ಓಲಿ ರಾಜೀನಾಮೆ ಕೊಟ್ಟದ್ದಕ್ಕೆ ನನಗೆ ಕಿಂಚಿತ್ತೂ ಮರುಕವಿಲ್ಲ. ಆದರೆ ಮಂಗಳವಾರ ಸಂಸತ್ತಿಗೆ ಬೆಂಕಿ ಇಟ್ಟರು, ಸರ್ಕಾರದ ಕಚೇರಿಗಳಿರುವ ಸಿಂಹ ದರ್ಬಾರಿಗೆ ಇಟ್ಟರು, ಸುಪ್ರೀಂ ಕೋರ್ಟಿಗೂ ಇಟ್ಟರು. ಕೋರ್ಟಿನಲ್ಲಿ ಸುಟ್ಟದ್ದು ಬರೀ ಗೋಡೆ, ಕುರ್ಚಿ ಅಲ್ಲ. ಕಡತಗಳು.

ಒಳಗೆ ಹೋಗಿ ಅಪ್ಪನ ಬೀಟೆ ಪೆಟ್ಟಿಗೆ ತೆಗೆದೆ. ಕೆಂಪು ದಾರ ಕಟ್ಟಿದ ಕಟ್ಟು, ಅಂಚೆಲ್ಲ ಗೆದ್ದಲು ತಿಂದಿದೆ. ದೊಡ್ಡಜ್ಜನ ಮಕ್ಕಳಿಗೂ ನಮಗೂ ನಡೆದ ಪಾಲಿನ ದಾವೆಯದು. ಹನ್ನೊಂದು ವರ್ಷ ಅಪ್ಪ ಬಸ್ಸು ಹತ್ತಿ ಕೋರ್ಟಿಗೆ ಅಲೆದರು. ತೀರ್ಪಿನ ನಕಲಿನಲ್ಲಿ ಚೆಕ್ಕುಬಂದಿ ಬರೆದಿದೆ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಕಾಲುದಾರಿ, ಉತ್ತರಕ್ಕೆ ಹಲಸಿನ ಮರ. ಆ ಹಲಸು ಬಿದ್ದು ಎಷ್ಟೋ ವರ್ಷವಾಯಿತು, ಕಾಗದ ಉಳಿದಿದೆ. ಅದಿರುವುದರಿಂದಲೇ ಎರಡೂ ಮನೆಯವರು ಇವತ್ತು ಒಂದೇ ಪಂಕ್ತಿಯಲ್ಲಿ ಉಣ್ಣುತ್ತೇವೆ. ಇಲ್ಲದಿದ್ದರೆ ಕತ್ತಿ ಹಿಡಿದು ನಿಲ್ಲುತ್ತಿದ್ದೆವು. "ಕಾಠ್ಮಂಡುವಿನಲ್ಲಿ ಇಂಥ ಎಷ್ಟು ಮನೆಗಳ ಕಾಗದ ಬೂದಿಯಾಗಿದೆಯೋ ಯೋಚನೆ ಮಾಡು" ಎಂದೆ. ಮನೆ ಸುಟ್ಟರೂ ಮಂತ್ರಿಗೆ ಇನ್ನೊಂದು ಮನೆಯಿದೆ. ಗುಡ್ಡದ ಮೇಲಿನ ರೈತ ಇನ್ನೊಂದು ಕಡತವನ್ನು ಎಲ್ಲಿಂದ ತರುತ್ತಾನೆ?

ಕೊನೆಗೆ ಆ ದೇಶ ಹಿಡಿದುಕೊಂಡದ್ದು ಯಾರ ಕೈಯನ್ನು? ಶುಕ್ರವಾರ ಮಧ್ಯಂತರ ಪ್ರಧಾನಿಯಾಗಿ ಪ್ರಮಾಣ ವಚನ ತೆಗೆದುಕೊಂಡ ಸುಶೀಲಾ ಕಾರ್ಕಿ ಅದೇ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಅಲ್ಲಿ ಕೂತು ಗಳಿಸಿದ ನಂಬಿಕೆಯೇ ಈಗ ಕೈ ಹಿಡಿದಿರುವುದು.

ಹುಡುಗ ಸುಮ್ಮನಾಗಲಿಲ್ಲ, ಆಗಬಾರದು ಕೂಡ. "ನಮ್ಮಲ್ಲಿ ಮಾತ್ರ ಏನು ನೆಟ್ಟಗಿದೆ?" ಎಂದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಅವನ ಮಾತು ನಿಜ.

ರಾಜ್ಯದಲ್ಲಿ ಜಿಲ್ಲಾ ಪಂಚಾಯಿತಿಗೂ ತಾಲೂಕು ಪಂಚಾಯಿತಿಗೂ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಅವಧಿ ಮುಗಿದದ್ದು 2021ರಲ್ಲಿ. ಅವಧಿ ಮುಗಿಯುವುದರೊಳಗೆ ಚುನಾವಣೆ ಆಗಬೇಕು ಎಂದು ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎನ್ನುತ್ತಲೇ ನಾಲ್ಕು ವರ್ಷ ಕಳೆದವು. ನಾನು ಮತ ಹಾಕುವ ಪಕ್ಷವೂ ಅಧಿಕಾರದಲ್ಲಿತ್ತು, ಅದೂ ಮಾಡಲಿಲ್ಲ. ಈಗಿನವರೂ ಮಾಡುತ್ತಿಲ್ಲ. 1987ರ ಜನವರಿಯಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ, ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬ್ ಕಾಲದ ಜಿಲ್ಲಾ ಪರಿಷತ್ತಿಗೆ ಮೊದಲ ಚುನಾವಣೆ ಆದಾಗ ಅಪ್ಪ ಅವರ ಪಕ್ಷದವರಲ್ಲ. ಆದರೂ "ಇನ್ಮೇಲೆ ಬಾವಿಗೆ, ರಸ್ತೆಗೆ ಬೆಂಗಳೂರಿಗೆ ಹೋಗೋದು ತಪ್ತು ಕಣೋ" ಎಂದು ಹಿಗ್ಗಿದ್ದರು.

ಹೋದ ವರ್ಷದ ಮಳೆಗೆ ಶಾಲೆ ದಾರಿಯ ಮೋರಿ ಕೊಚ್ಚಿಹೋಯಿತು. ಅರ್ಜಿ ಹಿಡಿದು ಒಂದು ಕಚೇರಿಗೆ ಮೂರು ಸಲ ಹೋದೆ. "ಸದಸ್ಯರೇ ಇಲ್ಲ ಸಾರ್, ಆಡಳಿತಾಧಿಕಾರಿಗಳನ್ನ ಕೇಳಿ" ಅಂದರು. ಆಡಳಿತಾಧಿಕಾರಿ ಮೀಟಿಂಗಿನಲ್ಲಿದ್ದರು. ಮಕ್ಕಳು ಈಗಲೂ ಅಡಿಕೆ ದಬ್ಬೆ ಮೇಲೆ ದಾಟುತ್ತಾರೆ. ಬೆಂಕಿ ಇಟ್ಟರೆ ಹೊಗೆ ಕಾಣುತ್ತದೆ, ಜನ ಓಡಿಬರುತ್ತಾರೆ. ಬೀಗ ಹಾಕಿ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಇದ್ದದ್ದನ್ನು ಕಾಪಾಡಬೇಕು ಎಂದು ಭಾಷಣ ಮಾಡುವ ನಮ್ಮಂಥವರು ಮೊದಲು ಕೂಗಬೇಕಾದದ್ದು ಇದಕ್ಕೆ. ನಾವು ಕೂಗಲಿಲ್ಲ ಎನ್ನುವ ನೋವು ನನಗಿದೆ.

ದೆಹಲಿಯಲ್ಲಿ ಅದೇ ಮಂಗಳವಾರ ಉಪರಾಷ್ಟ್ರಪತಿ ಚುನಾವಣೆ ನಡೆಯಿತು. ಸಿ.ಪಿ. ರಾಧಾಕೃಷ್ಣನ್ ಅವರಿಗೆ 452, ಸುದರ್ಶನ ರೆಡ್ಡಿ ಅವರಿಗೆ 300. ಸೋತವರು ವಿನಯದಿಂದ ಒಪ್ಪಿಕೊಂಡರು, ಮನಸ್ಸಿಗೆ ಹಿತವಾಯಿತು. ಆದರೆ 15 ಮತ ತಿರಸ್ಕೃತ! ಸಂಸದರು ಮತಪತ್ರ ಸರಿಯಾಗಿ ಗುರುತು ಮಾಡಲಾರರೇ?

ಅಮೆರಿಕದಲ್ಲಿ ಬುಧವಾರ ಚಾರ್ಲಿ ಕರ್ಕ್ ಎಂಬ 31 ವರ್ಷದ ಬಲಪಂಥೀಯ ಭಾಷಣಕಾರನನ್ನು ವಿಶ್ವವಿದ್ಯಾಲಯದ ಅಂಗಳದಲ್ಲಿ, ಮೈಕು ಹಿಡಿದು ಪ್ರಶ್ನೆಗೆ ಉತ್ತರಿಸುತ್ತಿರುವಾಗಲೇ ಗುಂಡಿಟ್ಟು ಕೊಂದರು. ಅವನ ಎಷ್ಟೋ ಮಾತು ನನ್ನ ಮನಸ್ಸಿನವು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಕೊಂದಾಗ, ಅವರ ಮಾತು ನನಗೆ ಒಪ್ಪಿಗೆ ಇರಲಿಲ್ಲ. ಅಂದೂ ರಾತ್ರಿ ನಿದ್ದೆ ಬಂದಿರಲಿಲ್ಲ, ಈ ಬುಧವಾರದ ಸುದ್ದಿ ಕೇಳಿದ ಮೇಲೂ ಬರಲಿಲ್ಲ. ಸತ್ತವನು ನಮ್ಮವನೋ ಅವರವನೋ ಎಂದು ನೋಡಿ ಅಳುವವರ ಜೊತೆ ನನಗೆ ಮಾತು ಬೇಡ.

ಸಂಜೆ ಮಳೆ ಬಿಟ್ಟಿತು. ಹುಡುಗ ಮೋರಿ ನೋಡಬೇಕೆಂದ. ಕೊಡೆ ಹಿಡಿದು ಇಬ್ಬರೂ ಹೋದೆವು, ಫೋಟೋ ತೆಗೆದ, ಅಗಲ ಅಳೆದ. ಬಂದು ಜಗಲಿಯಲ್ಲಿ ಕೂತು ಜಿಲ್ಲಾಧಿಕಾರಿಗೆ ಒಂದು, ಚುನಾವಣಾ ಆಯೋಗಕ್ಕೆ ಒಂದು ಅರ್ಜಿ ಬರೆದೆವು. ಈಗ ಅವನು ಅಪ್ಪನ ಕಟ್ಟು ಬಿಚ್ಚಿ ಒಂದೊಂದೇ ಹಾಳೆ ಮೊಬೈಲಿಗೆ ಇಳಿಸಿಕೊಳ್ಳುತ್ತಿದ್ದಾನೆ. ಕರೆಂಟ್ ಹೋಗಿದೆ. ಎಡೆಯ ಮುಂದಿದ್ದ ದೀಪವನ್ನೇ ತಂದು ನಾನು ಹಿಡಿದಿದ್ದೆ. ಕೈ ನೋಯುತ್ತದೆಂದು ಅವನೇ ಮೇಜಿನ ಮೇಲೆ ಇಡಿಸಿದ.