ಪ್ರೊಬಿಎನ್‌ಪಿ ಟೆಸ್ಟಿಗೆ ಬಂದವರ ಮಾತ್ರೆ ಕವರ್ ಬಿಚ್ಚಿಸಿ ನೋಡಿ

ದಾವಣಗೆರೆಯ ಒಂದು ಲ್ಯಾಬಿನಲ್ಲಿ ಬಯೋಕೆಮಿಸ್ಟ್ರಿ ವಿಭಾಗ ನೋಡಿಕೊಳ್ಳುತ್ತೇನೆ. ಹೊಸದಾಗಿ ಸೇರುವ ಹುಡುಗರಿಗೆ ಮೊದಲೇ ಹೇಳಿಬಿಡುತ್ತೇನೆ: ಹೃದಯಕ್ಕೆ ಹೊರೆ ಬಿದ್ದಿದೆಯೇ ಎಂದು ತಿಳಿಸುವ ಎನ್‌ಟಿ-ಪ್ರೊಬಿಎನ್‌ಪಿ (ಚಿಕ್ಕದಾಗಿ ಪ್ರೊಬಿಎನ್‌ಪಿ) ಟೆಸ್ಟಿಗೆ ಬಂದವರ ರಕ್ತ ತೆಗೆದು ಸುಮ್ಮನೆ ಕಳಿಸಬೇಡಿ. ವಯಸ್ಸು, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್, ನುಂಗುತ್ತಿರುವ ಮಾತ್ರೆ, ಮೂರನ್ನೂ ಬರೆದುಕೊಳ್ಳಿ.

ಹೃದಯ ಹಾರ್ಮೋನೂ ಬಿಡುತ್ತದೆ ಎಂದು ಖಚಿತವಾಗಿದ್ದು 1981ರಲ್ಲಿ. ಕೆನಡಾದ ಅಡಾಲ್ಫೊ ಡಿ ಬೋಲ್ಡ್ ತಂಡ ಇಲಿಯ ಹೃತ್ಕರ್ಣದ (ಹೃದಯದ ಮೇಲಿನ ಕೋಣೆಯ) ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿದಾಗ ಅವುಗಳ ಮೂತ್ರದಲ್ಲಿ ಉಪ್ಪು, ನೀರು ಧಾರಾಳವಾಗಿ ಹೊರಬಿತ್ತು. ಅದಕ್ಕೆ ಕಾರಣವಾದ ಹಾರ್ಮೋನೇ ಎಎನ್‌ಪಿ, ಬಿಎನ್‌ಪಿಯೂ ಅದರದ್ದೇ ಜಾತಿಯದು. ಹೃದಯದ ಗೋಡೆ ಹಿಗ್ಗಿದರೆ ಹಾರ್ಮೋನು ಬರುತ್ತದೆ ಎಂದಷ್ಟೇ ನಾವು ಡಿಪ್ಲೊಮಾದಲ್ಲಿ ಓದಿದ್ದು. ಆದರೆ ರಕ್ತನಾಳಕ್ಕೂ ಇದರಲ್ಲಿ ಕೈಯಿದೆ. 1988ರಲ್ಲಿ ಜಪಾನಿನ ಯಾನಗಿಸಾವಾ ತಂಡ ಹಂದಿಯ ಮಹಾಪಧಮನಿಯ ಒಳಪದರದ ಕೋಶಗಳಿಂದ ಎಂಡೋಥೀಲಿನ್ ಹೊರತೆಗೆಯಿತು. ಬರೀ 21 ಅಮೈನೋ ಆಮ್ಲಗಳ ಪೆಪ್ಟೈಡ್, ಆದರೆ ನಾಳವನ್ನು ಬಿಗಿಯಾಗಿ ಹಿಂಡುತ್ತದೆ. ಅದು ಹೃತ್ಕರ್ಣದ ಕೋಶಗಳನ್ನೂ ನೇರವಾಗಿ ಮುಟ್ಟಿ ಎಎನ್‌ಪಿ ಬಿಡಿಸುತ್ತದೆ. ಪ್ರಾಣಿಗಳ ಹೃತ್ಕರ್ಣದಲ್ಲಿ ಎಂಡೋಥೀಲಿನ್ ತಡೆದಾಗ, ಹಿಗ್ಗಿಸಿದರೂ ಎಎನ್‌ಪಿ ಕಡಿಮೆ ಬಂದಿದೆ. ಹೊರಬಂದ ಎಎನ್‌ಪಿ ನಾಳವನ್ನು ಸಡಿಲಿಸಿ, ಎಂಡೋಥೀಲಿನ್‌ನನ್ನೇ ಹಿಡಿತಕ್ಕೆ ತರುತ್ತದೆ. ನಾಳದ ಒತ್ತಡ ಹೃದಯಕ್ಕೆ ಹೊರೆಯಾಗುವುದರಿಂದ, ಶ್ವಾಸಕೋಶದ ನಾಳಗಳಲ್ಲಿ ಒತ್ತಡ ಏರಿದವರಿಗೆ, ಎಕೋದಲ್ಲಿ ಎಡಭಾಗದ ಪಂಪಿಂಗ್ ಚೆನ್ನಾಗಿದ್ದರೂ, ಬಲಭಾಗದ ಶ್ರಮದಿಂದ ಪ್ರೊಬಿಎನ್‌ಪಿ ಏರಿರಬಹುದು.

ಇನ್ನು ಮಾತ್ರೆ. ಜಗಳೂರು ಕಡೆಯ ಅಜ್ಜ ಒಬ್ಬರು ಮಗನ ಜೊತೆ ಬಂದಿದ್ದರು. ಹಿಂದಿನ ಸಲ ಪ್ರೊಬಿಎನ್‌ಪಿ ಮಾಡಿಸಿದ್ದರು, ಈ ಸಲ ಚೀಟಿಯಲ್ಲಿ ಬಿಎನ್‌ಪಿ. "ಮೇಡಮ್ಮೋರೆ, ಎರಡೂ ಒಂದೇ ಅಲ್ಲೇನ್ರೀ?" ಎಂದರು ಮಗ. ಅಲ್ಲ. ಹೃದಯದಿಂದ ಎರಡೂ ಜೋಡಿಯಾಗಿಯೇ ಹೊರಬರುತ್ತವೆ, ಆದರೆ ಬಿಎನ್‌ಪಿಯ ಅರ್ಧಾಯು (ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಬೇಕಾದ ಸಮಯ) ಸುಮಾರು 20 ನಿಮಿಷ, ಪ್ರೊಬಿಎನ್‌ಪಿಯದು ಒಂದು ಗಂಟೆಗೂ ಹೆಚ್ಚು. ಅಂಕಿಯೂ ಹೋಲಿಸುವಂಥದ್ದಲ್ಲ. ಅಜ್ಜನ ಪ್ಲಾಸ್ಟಿಕ್ ಕವರಿನಲ್ಲಿ ಸಕ್ಯುಬಿಟ್ರಿಲ್ ಸ್ಟ್ರಿಪ್ ಇತ್ತು. ಅದು ಬಿಎನ್‌ಪಿಯನ್ನು ಒಡೆಯುವ ನೆಪ್ರಿಲೈಸಿನ್ ಕಿಣ್ವವನ್ನೇ ತಡೆಯುವ ಔಷಧಿ. ಹೃದಯ ಸುಧಾರಿಸುತ್ತಿದ್ದರೂ ಬಿಎನ್‌ಪಿ ಏರಿದಂತೆ ಕಾಣಬಹುದು. ಪ್ರೊಬಿಎನ್‌ಪಿಯನ್ನು ಆ ಕಿಣ್ವ ಮುಟ್ಟುವುದಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆವು, ಅವರು "ಹಳೇ ಟೆಸ್ಟನ್ನೇ ಮಾಡಿ" ಎಂದರು.

ವಯಸ್ಸು ಕೇಳುವುದೇಕೆ ಎಂದರೆ, ದಿಢೀರ್ ಉಬ್ಬಸ ಬಂದವರಲ್ಲಿ ಪ್ರೊಬಿಎನ್‌ಪಿ (ಮಿಲಿಲೀಟರಿಗೆ ಪಿಕೋಗ್ರಾಂ ಲೆಕ್ಕದಲ್ಲಿ) 50 ದಾಟದವರಿಗೆ 450, 75ರವರೆಗೆ 900, ಅದಕ್ಕೂ ಮೇಲೆ 1800 ದಾಟಿದರೆ ಮಾತ್ರ ಹಾರ್ಟ್ ಫೇಲ್ಯೂರ್ ಕಡೆ ಬೆರಳು ತೋರುತ್ತೇವೆ. 300ಕ್ಕಿಂತ ಕಡಿಮೆ ಇದ್ದರೆ ಬಹುತೇಕ ನಿರಾಳ. ಕಿಡ್ನಿ ಕೆಟ್ಟವರಲ್ಲಿ ಏರುತ್ತದೆ, ತೂಕ ಜಾಸ್ತಿ ಇದ್ದವರಲ್ಲಿ ಇಳಿದೇ ಇರುತ್ತದೆ. ಇವಿಷ್ಟನ್ನೂ ಈಗ ಸ್ಯಾಂಪಲ್ ಚೀಟಿಯ ಹಿಂದೆ ಪೆನ್ನಿನಲ್ಲಿ ಬರೆಸುತ್ತೇನೆ, ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವೇ ಇಲ್ಲ.